ಗ್ರೌಂಡಿನಿಂದ ಶುರುವಾದ ಎಣಿಕೆ

೧೪ ಮಾರ್ಚ್, ಗುರುವಾರ

ಪ್ರೀತಿಯ ಮಗಳೇ,

ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ. ಒಂದೇ ಆಸ್ಪತ್ರೆಯಲ್ಲಿದ್ದುಕೊಂಡು ನಿನಗೆ ಉತ್ತರ ಬರೆಯಲು ಒಂದು ವಾರ ತೆಗೆದುಕೊಂಡೆ, ಬೈಯುವುದಿದ್ದರೆ ಬೈದುಬಿಡು. ನಾನು ನಡೆಸುವ ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಂತಾಗಲೆಲ್ಲ ನಿನ್ನ ವಾರ್ಡಿನ ಬಾಗಿಲು ಎದುರಿಗೇ ಕಾಣುತ್ತದೆ, ಆದರೆ ಒಳಗೆ ಬರುವಂತಿಲ್ಲ. ಫೋನಿನಲ್ಲಿ ಮಾತಾಡಿದರೆ ನಿನಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆಂದು ನರ್ಸಮ್ಮ ಗದರಿದ್ದಾರೆ. ಈ ಕಾಗದವೂ ಅವರ ಕೈಯಲ್ಲೇ ಬರುತ್ತಿದೆ. ಲಿಫ್ಟಿನ ಬಾಗಿಲ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಅವರ ಹತ್ತಿರ ದೂರು ಹೇಳಿದೆಯಂತೆ. ಅಪ್ಪನ ಮೇಲೆ ದೂರು ಹೇಳುವಷ್ಟು ಚೇತರಿಸಿಕೊಂಡೆಯಲ್ಲ, ಸಂತೋಷ.

ಈಗ ನೀನು ಕೇಳಿದ ವಿಷಯ. ನಿನ್ನ ಚಿನಕುರಳಿ ಮಗಳಿಗೆ ಲೆಕ್ಕ ತಲೆಗೆ ಹತ್ತುತ್ತಿಲ್ಲ, ಹೀಗೇ ಆದರೆ ಮುಂದಿನ ವರ್ಷವೂ ಚಿಕ್ಕವರ ಜೊತೆಯಲ್ಲೇ ಕೂರಬೇಕಾಗುತ್ತದೆ ಎಂದು ಮಿಸ್ ಹೇಳಿಕಳಿಸಿದ್ದರು. ಇವತ್ತು ಅರ್ಧ ದಿನ ರಜೆ ಹಾಕಿ ಹೋಗಿ ಅವಳ ತರಗತಿಯಲ್ಲೇ ಕುಳಿತೆ. ಅಲ್ಲಿನ ಕುರ್ಚಿಯಲ್ಲಿ ಕುಳಿತರೆ ಮಂಡಿ ಬಂದು ಗದ್ದಕ್ಕೆ ತಾಗುತ್ತದೆ.

ಮೊದಲು ಅಕ್ಷರ. ತಟ್ಟೆಯಲ್ಲಿ ಮರಳು ಹರಡಿ, ಬೆರಳಿನಿಂದ 'ಅ' ಬರೆಸಿದರು. ನಮ್ಮವಳ 'ಅ' ಊಟ ಜಾಸ್ತಿಯಾಗಿ ಅಡ್ಡಾದಂತಿತ್ತು, ಆದರೂ 'ಅ' ಎಂದು ಗುರುತು ಸಿಗುತ್ತಿತ್ತು. ಆ ಅಕ್ಷರದ ಪದ ಹೇಳಿ ಎಂದರೆ ಎಲ್ಲ ಮಕ್ಕಳೂ ಅಮ್ಮ, ಅಮ್ಮ ಎಂದು ಕೂಗಿದರು. ಇವಳೊಬ್ಬಳು ಅಳಿಲು ಎಂದಳು.

ಆಮೇಲೆ ಲೆಕ್ಕ. ಮಿಸ್ ಮೇಜಿನ ಮೇಲೆ ಏಳು ಅಂಗಿಗುಂಡಿ ಇಟ್ಟರು. ಇವಳು ಮನಸ್ಸಿನಲ್ಲೇ ಎಣಿಸಿ ಆರು ಎಂದಳು. ಇನ್ನೊಮ್ಮೆ ಎಣಿಸಿದರೂ ಆರೇ. ಪಕ್ಕದ ಹುಡುಗಿ ಕಿಸಕ್ಕೆಂದಳು. ನಿನಗೆ ಏನೆಂದು ಬರೆಯಲಿ ಎಂದು ಯೋಚಿಸತೊಡಗಿದೆ. ಮಿಸ್ ಮಾತ್ರ ಸಿಡುಕಲಿಲ್ಲ, ಬಾಯಿಬಿಟ್ಟು ಎಣಿಸು ಎಂದರು. ಅವಳು ಮೊದಲ ಗುಂಡಿ ಮುಟ್ಟಿ ಗಂಭೀರವಾಗಿ "ಗ್ರೌಂಡ್" ಎಂದಳು. ಎರಡನೆಯದಕ್ಕೆ "ಒಂದು."

ತರಗತಿಯೆಲ್ಲ ಗೊಳ್ಳೆಂದಿತು. ಸ್ಕೂಲು ಬಿಟ್ಟಮೇಲೆ ನನ್ನ ಪಾಳಿ ಮುಗಿಯುವತನಕ ಅವಳು ಲಿಫ್ಟಿನಲ್ಲಿ ನನ್ನ ಸ್ಟೂಲಿನ ಮೇಲೆ ಕೂತಿರುತ್ತಾಳಲ್ಲ, ನಾನು ಮಹಡಿಗಳನ್ನು ಕೂಗುವುದೇ ಅವಳ ಪಾಠವಾಗಿದೆ. ಇದನ್ನು ಹೇಳಿದಾಗ ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಲೆಕ್ಕ ಬರುತ್ತೆ ತಾತ ಇವಳಿಗೆ. ಎಲ್ಲಿ ಹತ್ತಬೇಕು ಅನ್ನೋದೊಂದು ಗೊತ್ತಿರಲಿಲ್ಲ," ಎಂದರು. ಇಲ್ಲಿ ಮೇಜೇ ಗ್ರೌಂಡು, ಗುಂಡಿ ಮುಟ್ಟಿದಮೇಲೆ ಒಂದು ಎಂದು ಅವಳಿಗೆ ತಿಳಿಸಿ, ಇನ್ನೂ ಮೂರು ಗುಂಡಿ ಸೇರಿಸಿದರು. ಅವಳು ಮೇಜಿನ ಮೇಲೆ ಅಂಗೈ ಊರಿ "ಗ್ರೌಂಡ್" ಎಂದು, ಹತ್ತು ಗುಂಡಿಯನ್ನೂ ಸರಿಸಿ ಸರಿಯಾಗಿ ಹತ್ತಕ್ಕೇ ಬಂದು ನಿಂತಳು. ನಡುವೆ ಒಂದು ಗುಂಡಿಯನ್ನು ಹೆಸರು ಹೇಳದೆ ಸರಿಸಿದಳು, ನಾಲ್ಕನ್ನು ನುಂಗಿಬಿಟ್ಟಳು. ಗಡಿಬಿಡಿಯಲ್ಲಿ ಬಿಟ್ಟಳು, ಇರಲಿ ಬಿಡಿ ಎಂದರು ಮಿಸ್. ಮುಂದಿನ ತರಗತಿಗೆ ಹೋಗುತ್ತಾಳೆ. ನೀನು ಆ ಚಿಂತೆ ಬಿಟ್ಟು ಹೊಟ್ಟೆತುಂಬ ಊಟ ಮಾಡು. ಬೇಗ ಮೊದಲಿನಂತಾಗು, ನೂರು ವರ್ಷ ಬಾಳು.

ಇಂತಿ,
ನಿನ್ನ ಅಪ್ಪ

ಇನ್ನೊಂದು ಮಾತಿದೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ನಾಲ್ಕನ್ನು ಅವಳು ಗಡಿಬಿಡಿಯಲ್ಲಿ ಬಿಟ್ಟದ್ದಲ್ಲ. ನೀನು ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದೀಯ ಎಂದು ಅವಳಿಗೆ ಹೇಳಿದ್ದೆನಲ್ಲ. ಎಲ್ಲ ಮಹಡಿಯನ್ನೂ ಕೂಗುವ ನನಗೆ, ಅವಳು ಪಕ್ಕದಲ್ಲಿದ್ದಾಗ ನಾಲ್ಕು ಎನ್ನಲು ಬಾಯಿ ಬರುವುದಿಲ್ಲ. ಸುಮ್ಮನೆ ಬಾಗಿಲು ಎಳೆಯುತ್ತೇನೆ. ಯಾಕೆ ಬಿಟ್ಟೆ ಪುಟ್ಟಾ ಎಂದು ದಾರಿಯಲ್ಲಿ ಕೇಳಿದೆ.

"ಅಲ್ಲಿ ಅಮ್ಮ ಇದ್ದಾಳಲ್ಲ ತಾತ. ನಾಲ್ಕು ಅಂದ್ರೆ ನಿಂಗೆ ಅಳು ಬರುತ್ತೆ. ಅದಕ್ಕೆ ನಾನೂ ಅನ್ನಲ್ಲ."

ನಾಳೆ ಮಧ್ಯಾಹ್ನ ಲಿಫ್ಟಿನ ಸದ್ದಾದರೆ ಬೈಯಬೇಡ ಮಗಳೇ, ಎದ್ದು ಕೂತು ಕಿವಿಗೊಡು. ನರ್ಸಮ್ಮ ಬಾಗಿಲನ್ನು ಒಂದಿಷ್ಟು ತೆರೆದಿಡುತ್ತಾರಂತೆ. ಅವಳು ಗ್ರೌಂಡಿನಿಂದ ಎಣಿಸಿಕೊಂಡು ಬರುತ್ತಾಳೆ. ನಾಲ್ಕನ್ನು ಇಬ್ಬರೂ ಸೇರಿ ಕೂಗುತ್ತೇವೆ.