ಹಿಂಡಿದರೂ ನೀರು ಬಿಡದ ಹೆಂಟೆ

ಫೆಬ್ರವರಿ ಮೂವತ್ತು, 2216
ಹಿಂಡುಮನೆ

ಹೊಂಡ ತೋಡಿದವರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನ ಸೋಸುಬಟ್ಟೆ ತೊಳೆಯುವುದಕ್ಕೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ನಯವಾಗಿ ಬರೆಯಲು ಬರುವುದಿಲ್ಲ.

ಹಿಂಡುಮನೆ ಅಂದರೆ ಊರಿನ ಕಕ್ಕಸಿನ ರಾಡಿಯಿಂದ ನೀರು ತೆಗೆಯುವ ಜಾಗ. ರಾಡಿಯನ್ನು ಸೋಸುಬಟ್ಟೆಯಲ್ಲಿ ತುಂಬಿ, ಹಲಗೆಗಳ ನಡುವೆ ಇಟ್ಟು, ತಿರುಪು ಬಿಗಿದು ಒತ್ತುತ್ತೇವೆ. ನೀರು ತೊಟ್ಟಿಗೆ ಇಳಿಯುತ್ತದೆ, ಉಳಿದದ್ದು ಹೆಂಟೆ. ಅದು ಸಸಿಮಡಿಗೆ ಹೋಗುವ ಮುಂಚೆ ‘ಮುಷ್ಟಿ ನೋಡುವುದು’ ನನ್ನ ಕೆಲಸ. ಒಂದು ಹೆಂಟೆ ಹಿಸುಕುತ್ತೇನೆ. ಪುಡಿಯಾದರೆ ಸರಿ, ಮೆತ್ತಗೆ ಅಂಗೈಗೆ ಅಂಟಿದರೆ ವಾಪಸ್. ಹಸಿ ಹೆಂಟೆ ಹಾಕಿದರೆ ಸಸಿಯ ಬೇರು ಕೊಳೆಯುತ್ತದೆ.

ಹೋದ ವರ್ಷ ಊರಿನ ರಾಡಿ ಸಾಲದೆ, ಇನ್ನೂರು ವರ್ಷದ ಹಿಂದೆ ನೀವು ರಾಡಿ ತುಂಬಿ ಮುಚ್ಚಿದ ಹೊಂಡ ಒಡೆದೆವು. ಅಲ್ಲಿ ನಿಮ್ಮ ಬೋರ್ಡು ಇತ್ತು: ‘ಶುದ್ಧೀಕರಿಸಿದ ರಾಡಿ ಮಾತ್ರ.’ ಮನುಷ್ಯರನ್ನು ನಂಬದ ನಾನು ಬೋರ್ಡನ್ನು ನಂಬಿದೆ. ಆ ರಾಡಿಯ ಹೆಂಟೆ ದಿನಾ ಮೆತ್ತಗೆ. ತಿರುಪು ಬಿಗಿಯುವ ದ್ಯಾವಪ್ಪ ಬೇಗ ಮನೆ ಸೇರಲು ಅರ್ಧಕ್ಕೇ ಕೈಬಿಡುತ್ತಾನೆ ಎಂದು ನನ್ನ ಗುಮಾನಿ.

“ಅಕ್ಕಾ, ಇನ್ನ ಬಿಗದರ ಹಲಗಿ ಮುರೀತೈತಿ. ಇದು ನೀರು ಬಿಡಾಕ ಒಲ್ಲದು,” ಎಂದು ಅಂಗೈ ತೋರಿಸಿದ.

“ರಾಡಿ ಎಲ್ಲಿ ಒಲ್ಲೆ ಅಂತೈತೋ? ಒಲ್ಲೆ ಅನ್ನಾವ ನೀನು,” ಎಂದೆ.

ಊರಸಭೆಯಲ್ಲಿ ಅವನನ್ನು ಮೈಗಳ್ಳ ಎಂದವಳೂ ನಾನೇ. ಹಿಂಡುಮನೆಯಿಂದ ಹೊರಹಾಕಿದವನಿಗೆ ಇಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೊಳೆಯ ಆಚೆ ದಂಡೆಗೆ ಹೋದ.

ಅವನ ಬದಲಿಗೆ ಬಂದವಳು ತಿರುಪಿಗೆ ಜೋತುಬಿದ್ದರೂ ಹೆಂಟೆ ಹಾಗೇ. ಒಂದನ್ನು ಇಪ್ಪತ್ತು ದಿನ ಬಿಸಿಲಿಗಿಟ್ಟು ಒಡೆದೆ. ಒಳಗೆ ಗಾಜಿನಂಥ ಸಣ್ಣ ಕಾಳು. ನೀರು ಹನಿಸಿದರೆ ಸಬ್ಬಕ್ಕಿಯ ಹಾಗೆ ಉಬ್ಬಿತು. ಎಷ್ಟು ಒತ್ತಿದರೂ ಕುಡಿದ ನೀರು ಬಿಡಲಿಲ್ಲ. ಆಮೇಲೆ ಹೊಂಡದ ತಳದಲ್ಲಿ ಕೊಳೆಯದ ಡೈಪರ್ ಒಂದು ಸಿಕ್ಕಿತು. ಅದರ ಹೊಟ್ಟೆಯಲ್ಲೂ ಅದೇ ಕಾಳು. ನಿಮ್ಮ ಕೂಸುಗಳ ಕುಂಡೆಗೆ ಕಟ್ಟಿದ್ದು.

ನಿಮಗೆ ಗೊತ್ತಿರಲಿಲ್ಲ ಅನ್ನಬೇಡಿ. ಎಸೆದವರಿಗೆ ಗೊತ್ತಿತ್ತು, ಬೋರ್ಡು ಬರೆದವನಿಗೂ ಗೊತ್ತಿತ್ತು.

ನಾಳೆ ಆ ಕಾಳು ಕಟ್ಟಿಕೊಂಡು ಆಚೆ ದಂಡೆಗೆ ಹೋಗುತ್ತೇನೆ. ದ್ಯಾವಪ್ಪ ಬಾಗಿಲು ತೆಗೆಯದಿರಬಹುದು, ನಾನಾಗಿದ್ದರೆ ತೆಗೆಯುತ್ತಿರಲಿಲ್ಲ. ಅಂದು ಅವನು ತೋರಿಸಿದ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ ಬರುತ್ತಿತ್ತು. ಅದನ್ನೂ ನಾಟಕ ಅಂದುಕೊಂಡಿದ್ದೆ.

ಎಸೆಯಬೇಡಿ ಎಂದು ಕೇಳುವುದಿಲ್ಲ. ಎಸೆಯುತ್ತೀರಿ. ಎಸೆದದ್ದನ್ನು ಬೋರ್ಡಿನಲ್ಲಿ ಬರೆಯಿರಿ, ಅಷ್ಟೇ. ನೀವು ಬರೆಯದೆ ಬಿಟ್ಟರೆ ಇಲ್ಲಿ ಯಾರೋ ಒಬ್ಬರು ಅಂಗೈ ತೋರಿಸಿ ನಿಲ್ಲಬೇಕಾಗುತ್ತದೆ, ಎದುರಿಗೆ ನನ್ನಂಥವಳು ಕೂತಿರುತ್ತಾಳೆ.

ಬಾಳವ್ವ
ಮುಷ್ಟಿ ನೋಡುವವಳು