ಮೊದಲ ಹಲ್ಲಿನ ಗಡುವು

ಮರುಹಸಿರು ವರ್ಷ ತೊಂಬತ್ತೊಂದು,
ಎರಡನೇ ಆಷಾಢದ ಮೂವತ್ತೈದನೇ ದಿನ,
ಸಂಡೂರು ಮೆಟ್ಟಿಲುಗಾಡು, ಏಳನೇ ಮೆಟ್ಟಿಲು.

ಹುಲಿಗೆಮ್ಮಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ಮಿಂಚುಳ್ಳಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಆಷಾಢವಿತ್ತೆಂದು ಓದಿದ್ದೇನೆ. ನಮ್ಮಲ್ಲಿ ಮಳೆ ಎರಡು ಸಲ ಬರುತ್ತದೆ, ಬಂದರೆ ನಡುನಡುವೆ ಹೊಳವಾದರೂ ನಲವತ್ತು ದಿನ ಊರು ಬಿಟ್ಟು ಕದಲುವುದಿಲ್ಲ. ಪಂಚಾಂಗದವರು ಸೋತು ಎರಡು ಆಷಾಢ ಮಾಡಿಕೊಟ್ಟರು. ಹೊಸ ಸೊಸೆಯರಿಗೆ ಅನುಕೂಲವೇ ಆಯಿತು, ವರ್ಷಕ್ಕೆ ಎರಡು ಸಲ ತವರು. ನಿಮಗೆ ತಿಳಿಯದ ಪದಗಳು ಇನ್ನೂ ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಸಾಲುಗಳು ಓರೆಯಾಗಿದ್ದರೆ ಮಾತ್ರ ಕ್ಷಮಿಸಿ, ಆರು ತಿಂಗಳಿಂದ ನಾನು ಒಂದೇ ಸಮನೆ ಎರಡು ಗಂಟೆ ಮಲಗಿಲ್ಲ. ಈಗ ಮಧ್ಯಾಹ್ನ, ಕೂಸು ಜೋಲಿಯಲ್ಲಿ ನಿದ್ದೆ ಹೋಗಿದೆ. ಎಡಗಾಲಿನಿಂದ ಜೋಲಿ ತೂಗುತ್ತಾ ಬರೆಯುತ್ತಿದ್ದೇನೆ. ನಿಮ್ಮನ್ನು ಅಜ್ಜಿ ಎನ್ನಲು ಸಂಕೋಚವೂ ಇದೆ. ಈ ಕಾಗದ ನಿಮ್ಮ ಕೈಸೇರುವಾಗ ನಿಮಗೆ ಇಪ್ಪತ್ತೆರಡು ವರ್ಷ, ನನಗಿಂತ ಐದು ವರ್ಷ ಚಿಕ್ಕವರು. ನಿಮ್ಮ ಸೊಂಟದ ಮೇಲೂ ಒಂದು ಕೂಸಿದೆ.

ಇದಕ್ಕೆ ಹಿನ್ನೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ಎರಡು ದೇಶದ ಗಂಡಹೆಂಡಿರು ಎಲ್ಲಿ ಬಾಳುತ್ತೇವೆಂದು ಸಹಿ ಹಾಕುವ ಮುಂಚೆ ತಮ್ಮ ವಂಶದ ಒಬ್ಬರಿಗೆ ಹೀಗೆ ವಿಷಯ ತಿಳಿಸಬೇಕು. ಅದು ನೆಲೆಕಛೇರಿಯ ನಿಯಮ. ತಲುಪುತ್ತದೋ ಇಲ್ಲವೋ ಕಛೇರಿಯವರೂ ಹೇಳುವುದಿಲ್ಲ. ನಾನು ನಿಮ್ಮನ್ನೇ ಆರಿಸಿಕೊಂಡೆ. ಮನೆಯಲ್ಲಿ ನಿಮ್ಮ ಫೋಟೋ ಇಲ್ಲ, ಕಛೇರಿಯ ಪುಸ್ತಕದಲ್ಲಿರುವ ಹೆಸರು, ವಯಸ್ಸು, ಮಕ್ಕಳ ಲೆಕ್ಕ ಬಿಟ್ಟರೆ ನಿಮ್ಮ ಬಗ್ಗೆ ಉಳಿದಿರುವುದು ಒಂದೇ ಸಂಗತಿ. ಗಣಿಯವರು ಸುರಿದ ದಿಬ್ಬದ ಮೇಲೆ ನೀವೊಂದು ಹೊಂಗೆ ಸಸಿ ನೆಟ್ಟು, ದಿನಾ ಪಾತ್ರೆ ತೊಳೆದ ಮುಸುರೆ ನೀರನ್ನು ಕೊಡದಲ್ಲಿ ಹೊತ್ತು ಅದಕ್ಕೆ ಹಾಕುತ್ತಿದ್ದಿರಂತೆ. ಓಣಿಯವರು ನಗುತ್ತಿದ್ದರಂತೆ. ನಿಮ್ಮ ಅತ್ತೆಯೂ.

ಆ ದಿಬ್ಬ ಈಗ ಹೇಗಿದೆ ಎಂದು ಹೇಳದೆ ಮುಂದೆ ಹೋಗಲಾರೆ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರಲ್ಲ, ಆ ಮೆಟ್ಟಿಲುಗಳ ಮೇಲೇ ನಮ್ಮ ಊರಿದೆ, ನಮ್ಮ ಕಾಡಿದೆ. ನಾಲ್ಕು ತಲೆಮಾರು ಮಣ್ಣು ಹೊತ್ತು, ಎಲೆ ಕೊಳೆಸಿ, ಬೇರು ಹಿಡಿಸಿ ಬೆಳೆಸಿದ ಕಾಡು, ಮೆಟ್ಟಿಲುಗಾಡು. ಕೆಳಗಿನ ಹೊಂಡಗಳೆಲ್ಲ ತುಂಬಿ ಗಣಿಗೆರೆಗಳಾಗಿವೆ. ಒಗೆದ ಬಟ್ಟೆ ಹೊರಗೆ ಹರವಿದರೆ ಕೆಂಪು ಧೂಳು ಕೂರದೆ ಬಿಳಿಯದು ಬಿಳಿಯಾಗಿಯೇ ಒಣಗುತ್ತದೆ. ನಿಮಗೆ ಇದನ್ನು ನಂಬುವುದು ಎಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು. ಹಕ್ಕಿಗಳು ಮರಳಿದ ಮೇಲೆ, ಹೆಣ್ಣು ಹುಟ್ಟಿದ ದಿನ ಕೆರೆಯ ಮೇಲೆ ಮೊದಲು ಕಂಡ ಹಕ್ಕಿಯ ಹೆಸರನ್ನೇ ಇಡುವುದು ಇಲ್ಲಿಯ ವಾಡಿಕೆ, ಹಾಗೆ ನಾನು ಮಿಂಚುಳ್ಳಿ. ನನ್ನ ಮಗಳು ಹುಟ್ಟಿದ ದಿನ ನೋಡಿ ಬರಲು ಅಣ್ಣ ಗವಿಸಿದ್ಧನನ್ನು ಕಳಿಸಿದರೆ, ಆ ಪುಣ್ಯಾತ್ಮ ಕಾಗೆಯೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ ಎಂದು ಬಂದ. ಅವಳು ಇನ್ನೂ ಬರೀ ಕೂಸು.

ನಾನು ಕಾಲೇಜಿನಲ್ಲಿ ಮಣ್ಣು ಓದಿದವಳು. ಮಣ್ಣೋದುಗಿ ಎನ್ನುತ್ತಾರೆ, ಹಿಡಿದು, ಮೂಸಿ, ನೀರಲ್ಲಿ ಕದಡಿ, ಈ ಮಣ್ಣಿಗೆ ಏನು ಬೇಕು ಎಂದು ಹೇಳುವ ಕೆಲಸ. ನನ್ನ ಗಂಡ ಬಾಯು ಸಮುದ್ರದಾಚೆಯ ಸುಲಾವೆಸಿ ದ್ವೀಪದ ಕಡೆಯವನು. ಅವರ ಹಳೇ ಊರನ್ನು ಕಡಲು ತೆಗೆದುಕೊಂಡ ಮೇಲೆ ಅವರು ಮನೆಗಳನ್ನು ನೀರ ಮೇಲೆ ಹಗ್ಗದಿಂದ ಕಟ್ಟಿಕೊಂಡು ಬಾಳುತ್ತಾರೆ, ತೇಲೂರು ಎಂದು ನಾವು ಕರೆಯುತ್ತೇವೆ. ಗಣಿಗೆರೆಯ ಮೇಲೆ ತೇಲುವ ತೋಟ ಕಟ್ಟುವುದನ್ನು ಕಲಿಸಲು ಆರು ತಿಂಗಳಿಗೆಂದು ಬಂದವನು, ನಾಲ್ಕು ವರ್ಷವಾಯಿತು. ಅವರ ಭಾಷೆಯಲ್ಲಿ ಆ ಹೆಸರಿಗೆ ಗಾಳಿ ಎಂದರ್ಥ, ನಮ್ಮ ವಾಯುವೇ. ಆದರೆ ನನ್ನನ್ನು ಸಾಕಿದ ಅಜ್ಜಿ ತಿರುಪಾಲಮ್ಮನ ಕಿವಿಗೆ ಅದು ಮೊದಲ ದಿನ ಬಿದ್ದದ್ದು ಬಾವು ಎಂದು. ಎಲ್ಲಿ ಬಾವು, ಅರಿಶಿನ ಹಚ್ಚಲೇನು ಎಂದು ಓಡಿ ಬಂದಿದ್ದಳು. ಇವತ್ತಿಗೂ ಅಣ್ಣ ಅವನನ್ನು ಕರೆಯುವುದು ಊದಿಕೊಂಡ ಭಾವ ಎಂದೇ.

ಕಡಲು ಏರಿದ ಮೇಲೆ ಎಲ್ಲ ದೇಶಗಳೂ ಕೂತು ಒಂದು ಒಪ್ಪಂದ ಮಾಡಿಕೊಂಡವು. ಒಂದು ಸಂಸಾರಕ್ಕೆ ಒಂದೇ ನೆಲೆ. ನೀರು, ಔಷಧ, ಮಕ್ಕಳ ಓದು ಎಲ್ಲ ಆ ನೆಲೆಯಿಂದಲೇ. ಇನ್ನೊಂದು ದೇಶಕ್ಕೆ ವರ್ಷಕ್ಕೆ ಮೂವತ್ತು ದಿನ ನೆಂಟರಾಗಿ ಹೋಗಿಬರಬಹುದು, ಅಷ್ಟೇ. ಎರಡು ದೇಶದವರು ಮದುವೆಯಾದರೆ ಮೊದಲ ಕೂಸಿಗೆ ಹಲ್ಲು ಮೂಡುವವರೆಗೆ ಯೋಚಿಸಲು ಸಮಯ. ಹಲ್ಲು ಕಂಡ ಮರುದಿನ ಸಹಿ ಹಾಕಬೇಕು. ಇದೇ ಹಲ್ಲುಗಡುವು. ಗಂಡಸರು ಕೂತು ಮಾಡಿದ ಕಾನೂನಾದರೆ ತಾರೀಖು ಹಾಕಿರುತ್ತಿದ್ದರು, ಇದನ್ನು ಯಾರೋ ತಾಯಿ ಮಾಡಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾಳೆ, ಆದರೆ ನನ್ನ ಪ್ರಾಣ ತೆಗೆದಿದ್ದಾಳೆ. ದಿನಕ್ಕೆ ಹತ್ತು ಸಲ ಬೆರಳು ತೊಳೆದು ಕೂಸಿನ ಒಸಡು ಸವರಿ ನೋಡುತ್ತೇನೆ. ಇನ್ನು ಅಣ್ಣನ ಚಿಂತೆಯೇ ಬೇರೆ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲವಲ್ಲ. ದಿನಾ ಬೆಳಿಗ್ಗೆ ಮೂರನೇ ಮೆಟ್ಟಿಲಿನಿಂದ ಹತ್ತಿ ಬಂದು, ಮೇಲೋ ಕೆಳಗೋ ಎಂದು ಕೇಳಿ, ಚಹಾ ಕುಡಿದು ಹೋಗುತ್ತಾನೆ.

ನಮ್ಮಿಬ್ಬರಲ್ಲಿ ಯಾರೂ ಬಾಯಿಬಿಟ್ಟು ಇಲ್ಲಿ, ಅಲ್ಲಿ ಎನ್ನಲಿಲ್ಲ. ಅವನು ನಿನ್ನಿಷ್ಟ ಎನ್ನುತ್ತಿದ್ದ, ನಾನು ನಿನ್ನಿಷ್ಟ ಎನ್ನುತ್ತಿದ್ದೆ. ತೇಲೂರಿಗೆ ಮದುವೆಯಾದ ವರ್ಷ ಹೋಗಿದ್ದೆ. ಅಲ್ಲಿ ಗಾಳಿ ತಿರುಗಿದಾಗ ಹಗ್ಗ ಬಿಚ್ಚಿ ಬೀದಿಗಳನ್ನೇ ಬೇರೆ ಕಟ್ಟುತ್ತಾರೆ; ಪಕ್ಕದ ಮನೆ ಯಾರದೆಂದು ಬೆಳಿಗ್ಗೆ ಎದ್ದು ನೋಡಿ ತಿಳಿಯಬೇಕು. ಜಗಳವಾದರೆ ಪಂಚಾಯಿತಿ ಇಲ್ಲ, ಹಗ್ಗ ಬಿಚ್ಚಿಕೊಂಡು ನಾಲ್ಕು ಮನೆ ಆಚೆ ಹೋಗಿ ಕಟ್ಟಿಕೊಳ್ಳುತ್ತಾರೆ. ಮಕ್ಕಳು ನಡೆಯುವ ಮೊದಲು ಈಜುತ್ತವೆ. ಈಜು ಬಾರದ ನಾನು ಮೂವತ್ತು ದಿನವೂ ಬಾಗಿಲ ಚೌಕಟ್ಟನ್ನು ಹಿಡಿದೇ ಓಡಾಡಿದೆ. ಅತ್ತೆ ಹಾಲಿಮಾ, ಅವರನ್ನು ಇಬು ಎನ್ನಬೇಕು, ಅಂದರೆ ಅಮ್ಮ; ಅವರು ನಗಲಿಲ್ಲ. ಮೂರನೆಯ ದಿನ ನನ್ನ ಸೊಂಟಕ್ಕೊಂದು ಹಗ್ಗ ಕಟ್ಟಿ ಅದರ ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಅಡುಗೆ ಮಾಡಿದರು.

ಹೋದ ವಾರ ನೆಲೆಪತ್ರ ಬಂತು. ಒಂದೇ ವಾಕ್ಯ, ಇಬ್ಬರೂ ಅವರವರ ಭಾಷೆಯಲ್ಲಿ ಬರೆಯಬೇಕು: ನಾವು ಇಂಥಲ್ಲಿ ನೆಲೆಸುತ್ತೇವೆ. ಬಾಯು ತನ್ನ ಸಾಲನ್ನು ಬರೆದು ಊರಿನ ಹೆಸರಿನ ಜಾಗ ಖಾಲಿ ಬಿಟ್ಟು ತೋಟಕ್ಕೆ ಹೋಗಿದ್ದ. ಓದಿದೆ. ಮೊದಲ ಪದ ಕಾಮಿ. ಆ ಪದಕ್ಕೆ ನಮ್ಮಲ್ಲಿರುವ ಅರ್ಥ ನಿಮಗೆ ಗೊತ್ತು, ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವರ ಭಾಷೆಯಲ್ಲಿ ನಾವು ಎನ್ನಲು ಎರಡು ಪದಗಳಿವೆ, ಕಿತಾ ಮತ್ತು ಕಾಮಿ. ನಾಲ್ಕು ವರ್ಷದಿಂದ ಅವನು ನನ್ನೊಡನೆ ಆಡಿದ್ದು ಕಿತಾ ಒಂದೇ. ಕಿತಾ ಉಣ್ಣೋಣ, ಕಿತಾ ಹೊರಡೋಣ. ಈ ಇನ್ನೊಂದನ್ನು ಪದಕೋಶದಲ್ಲಿ ಹುಡುಕಿದೆ. ಕಾಮಿ: ನಾವು, ಎದುರಿಗಿರುವವರನ್ನು ಬಿಟ್ಟು.

ಎದುರಿಗಿರುವವಳು ನಾನೇ ತಾನೇ? ನನ್ನನ್ನು ಬಿಟ್ಟು ನಾವು ಎಂದರೆ ಅವನು, ಅವನ ತಾಯಿ, ಮತ್ತೆ ನನ್ನ ಕೂಸು. ಅಜ್ಜಿ, ನಾಲ್ಕು ದಿನ ನಾನು ಬಾಯಿಬಿಡಲಿಲ್ಲ. ಅನ್ನ ಬಡಿಸಿದೆ, ಬಟ್ಟೆ ಮಡಚಿದೆ, ಒಸಡು ಮುಟ್ಟಿ ಮುಟ್ಟಿ ನೋಡಿದೆ. ನಿದ್ದೆಗೆಟ್ಟ ತಲೆಗೆ ಒಂದು ಪದ ಸಾಕು. ಅವನು ಕೂಸನ್ನೆತ್ತಿಕೊಂಡು ಕೆರೆ ಕಡೆಗೆ ನಡೆದರೆ ತುಸು ದೂರದಲ್ಲಿ ನಾನೂ ಹಿಂದೆ ಹೋಗುತ್ತಿದ್ದೆ.

ಕೊನೆಗೆ ತಿರುಪಾಲಮ್ಮಜ್ಜಿಯೇ ಹಿಡಿದಳು. ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವಳು, ನಿನ್ನ ಮುಖ ಯಾಕೆ ಹಳಸಿದ ಸಾರಿನಂಗಾಗೇತಿ ಎಂದಳು. ಅತ್ತುಬಿಟ್ಟೆ, ಎಲ್ಲ ಹೇಳಿದೆ. ಅವಳು ರಾಯದುರ್ಗದ ಕಡೆಯ ತೆಲುಗು ಮನೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಕೇಳಿಸಿಕೊಂಡು, ಕೂಸನ್ನು ಮಗುಚಿ ಬೆನ್ನಿಗೆ ಎಣ್ಣೆ ಹಾಕುತ್ತಾ, ತನ್ನ ಮಾತಲ್ಲೂ ಅವೆರಡು ಇವೆ ಎಂದಳು. ಮನಮು ಅಂದರೆ ನೀನೂ ಸೇರಿ, ಮೇಮು ಅಂದರೆ ನೀನು ಬಿಟ್ಟು. ಆಮೇಲೆ ಕೇಳಿದಳು.

"ಆ ಕಾಗದ ಯಾರಿಗೆ ಬರದಾನವ್ವ ಅವ? ನಿನಗೋ, ಕಛೇರಿಗೋ?"

ಕಛೇರಿಗೆ ಎಂದೆ.

"ಮತ್ತೆ ಕಛೇರಿಯವ್ರನ್ನ ಬಿಡದೆ ಇನ್ನೇನು ಮಾಡ್ತಾನ? ಅವ್ರೇನು ನಿಮ್ಮ ಜೋಡಿ ಬಂದು ಸಂಸಾರ ಮಾಡ್ತಾರೇನು?"

ಕಾಮಿ ಎಂದರೆ ನಾನು, ಅವನು, ಕೂಸು. ಹೊರಗುಳಿದವನು ಮೇಜಿನ ಆಚೆಗಿನ ಅಧಿಕಾರಿ. ನಾಲ್ಕು ದಿನ ನಾನೇ ಆ ಅಧಿಕಾರಿಯ ಕುರ್ಚಿಯಲ್ಲಿ ಕೂತು ಗಂಡನ ಕಾಗದ ಓದಿದ್ದೆ. ಅಜ್ಜಿ ನಕ್ಕಳು, ಅವಳ ತೊಡೆಯ ಮೇಲಿದ್ದ ಕೂಸು ಕುಲುಕಾಡಿತು. ಕನ್ನಡದವರದ್ದು ಒಂದೇ ನಾವು, ಅದಕ್ಕೇ ನಿಮಗೆ ಯಾರನ್ನು ಎಲ್ಲಿ ನಿಲ್ಲಿಸಬೇಕು ತಿಳಿಯುವುದಿಲ್ಲ ಎಂದು ಹಂಗಿಸಿದಳು. ತಾನು ಸೊಸೆಯಾಗಿ ಬಂದಾಗ ಈ ಮನೆಯವರು ನಾವು ಎಂದಾಗಲೆಲ್ಲ, ಅದರಲ್ಲಿ ತಾನು ಇದ್ದೇನೋ ಇಲ್ಲವೋ ಎಂದು ಒಂದು ವರ್ಷ ಒದ್ದಾಡಿ, ಆಮೇಲೆ ಇದ್ದೇನೆ ಎಂದೇ ಲೆಕ್ಕ ಹಾಕಿಕೊಂಡುಬಿಟ್ಟಳಂತೆ.

ಅವತ್ತು ಸಂಜೆ ಬಾಯುವನ್ನು ಕೇಳಿದೆ, ಊರಿನ ಹೆಸರು ಯಾಕೆ ಬರೆಯಲಿಲ್ಲ ಎಂದು. ಅವನ ಕನ್ನಡ ಈಗಲೂ ಒಂದೊಂದೇ ಹೆಜ್ಜೆ ಇಡುತ್ತದೆ.

"ನಾವು ಅನ್ನೋದು ಗೊತ್ತಿತ್ತು, ಬರೆದೆ," ಎಂದ. "ಎಲ್ಲಿ ಅನ್ನೋದು ಗೊತ್ತಿರಲಿಲ್ಲ."

ಏಳನೇ ಮೆಟ್ಟಿಲಿನ ಅಂಚಿನಲ್ಲಿ ಬಹಳ ಹೊತ್ತು ಕೂತೆವು. ನನ್ನ ಹೆದರಿಕೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ: ನೀರು, ಅಲ್ಲಿಯ ತೇವಕ್ಕೆ ಕೂಸಿಗೆ ಬರಬಹುದಾದ ಕೆಮ್ಮು, ತಿರುಪಾಲಮ್ಮಜ್ಜಿಯನ್ನು ಬಿಟ್ಟಿರುವುದು, ನನ್ನ ಭಾಷೆ ಕೂಸಿನ ಬಾಯಲ್ಲಿ ಉಳಿಯುತ್ತದೋ ಇಲ್ಲವೋ. ಅವನು ಯಾವುದಕ್ಕೂ ಹಾಗೇನೂ ಆಗುವುದಿಲ್ಲ ಎನ್ನಲಿಲ್ಲ, ಅದಕ್ಕೇ ಹೇಳಲು ಧೈರ್ಯ ಬಂತು. ಆಮೇಲೆ, ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನೂ ಹೇಳಿದೆ. ಪ್ರತಿ ತಿಂಗಳು ಈ ಗುಡ್ಡದ ಮಣ್ಣು ಓದಿ ನಾನು ವರದಿ ಬರೆಯಬೇಕು. ಮೂರು ವರ್ಷದಿಂದ ಅದರಲ್ಲಿ ಒಂದೇ ಸಾಲು ಬರೆಯುತ್ತಿದ್ದೇನೆ: ಏನೂ ಮಾಡಬೇಕಾಗಿಲ್ಲ. ಮೊದಲ ಸಲ ಬರೆದಾಗ ಹೆಮ್ಮೆಯಾಗಿತ್ತು, ಈಗ ಇಲ್ಲಿ ನನಗೆ ಕೆಲಸವೇ ಉಳಿದಿಲ್ಲ ಅನ್ನಿಸುತ್ತದೆ. ಆದರೆ ಇಬು ಹೋದ ವರ್ಷ ಒಂದು ಡಬ್ಬಿಯಲ್ಲಿ ಕೆಸರು ಕಳಿಸಿದ್ದರು. ತೇಲೂರಿನ ಪಕ್ಕ, ಅವರು ಬೆಳೆಸಿದ ಪಾಚಿಗೆ ಕೆಸರು ತೊಡರಿಕೊಂಡು ಹೊಸ ನೆಲವೊಂದು ಮೇಲೇಳುತ್ತಿದೆ. ಅದನ್ನು ಓದಬಲ್ಲವರು ಅಲ್ಲಿ ಒಬ್ಬರೂ ಇಲ್ಲ. ಮೂಸಿ ನೋಡಿದ್ದೆ. ಉಪ್ಪು, ಕೊಳೆತ ವಾಸನೆ, ಉಸಿರಿಲ್ಲ. ನಿಮ್ಮ ದಿಬ್ಬ ನಿಮ್ಮ ಕಾಲದಲ್ಲಿ ಹೀಗೇ ಇದ್ದಿರಬೇಕು ಅನ್ನಿಸಿತ್ತು. ಆ ಡಬ್ಬಿಯನ್ನು ನಾನು ಎಸೆದಿಲ್ಲ. ತಿಂಗಳಿಗೊಮ್ಮೆ ತೆಗೆದು ಎಲೆಗೊಬ್ಬರ ಕಲಸಿ ನೋಡುತ್ತೇನೆ. ಹೋದ ತಿಂಗಳು ಅದರಲ್ಲೊಂದು ಹುಲ್ಲಿನ ಎಳೆ ಎದ್ದಿದೆ.

"ತೇಲೂರು ಅಂತ ಬರಿ," ಎಂದೆ.

ತಿರುಪಾಲಮ್ಮಜ್ಜಿ ಒಂದು ದಿನ ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕಲು ಎಂದಿನಂತೆ ಬಂದು, ಮೂವತ್ತು ದಿನದ ನೆಂಟರಲ್ಲಿ ಸೋದರಮಾವನ ಜೊತೆ ಮುದುಕಿಯನ್ನೂ ಬಿಡುತ್ತಾರೋ, ಅಲ್ಲಿ ಅರಿಶಿನ ಸಿಗುತ್ತದೋ ಎಂದು ವಿಚಾರಿಸಿದಳು. ಅಣ್ಣ, ಇನ್ನು ಚಹಾ ಎಲ್ಲಿ ಕುಡಿಯಲಿ ಎಂದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಲಿಲ್ಲ ಎಂಬಂತೆ ಇದ್ದೆ.

ಇಷ್ಟು ಬರೆಯುವಷ್ಟರಲ್ಲಿ ಕೂಸು ಎದ್ದಿತು. ಎತ್ತಿಕೊಂಡು ರೂಢಿಯಂತೆ ಒಸಡಿನ ಮೇಲೆ ಬೆರಳು ಇಟ್ಟೆ. ಅಕ್ಕಿ ನುಚ್ಚಿನಂಥದ್ದು ಚುರುಕ್ಕೆಂದು ತಾಗಿತು. ಕೆಳಗಿನದು. ಅಣ್ಣ ಬದುಕಿದ. ನಾಳೆ ಸಹಿ.

ಅಜ್ಜಿ, ನಿಮ್ಮ ಕಾಲದವರು ಈ ಗುಡ್ಡವನ್ನು ಬಿಟ್ಟದ್ದು ಧೂಳು ತಡೆಯಲಾರದೆ, ಉಳಿದದ್ದು ಬೇರೆ ದಿಕ್ಕಿಲ್ಲದೆ. ಗುಡ್ಡ ಚೆನ್ನಾಗಿರುವಾಗ, ಯಾರೂ ನೂಕದೆ, ಕೈಯಲ್ಲಿ ಕಸುಬು ಹಿಡಿದುಕೊಂಡು ಹೊರಡುತ್ತಿರುವವಳು ನಮ್ಮ ಮನೆಯಲ್ಲಿ ನಾನೇ ಮೊದಲು. ಹೆದರಿಕೆ ಹೋಗಿಲ್ಲ. ದೋಣಿ ಹತ್ತುವಾಗ ಬಾಗಿಲ ಚೌಕಟ್ಟು ಹುಡುಕುತ್ತೇನೆ, ಗೊತ್ತು. ಆದರೂ ತಲೆ ಎತ್ತಿಕೊಂಡೇ ಹೋಗುತ್ತೇನೆ. ನಾಳೆ ಬಾಯುವಿನ ಸಾಲಿನ ಕೆಳಗೆ ನನ್ನದನ್ನು ಕನ್ನಡದಲ್ಲಿ ಬರೆಯುತ್ತೇನೆ: ನಾವು ತೇಲೂರಿನಲ್ಲಿ ನೆಲೆಸುತ್ತೇವೆ. ನಮ್ಮ ಭಾಷೆಯಲ್ಲಿ ನಾವು ಒಂದೇ. ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಅದು ಹೇಳುವುದಿಲ್ಲ, ಬಂದವರನ್ನು ತಡೆಯುವುದೂ ಇಲ್ಲ. ಆ ಅಧಿಕಾರಿಯೂ ನುಸುಳಿದರೆ ನುಸುಳಲಿ. ತಿರುಪಾಲಮ್ಮಜ್ಜಿ ಇದ್ದಾಳೆ, ಇಬು ಇದ್ದಾರೆ, ಅಣ್ಣ ಇದ್ದಾನೆ. ನೀವಿದ್ದೀರಿ.

ನೀವು ನೆಟ್ಟ ಆ ಹೊಂಗೆ ಈಗಿಲ್ಲ. ಅದರ ಬೀಜದ ಬೀಜದ ಮರಗಳು ಏಳು ಮೆಟ್ಟಿಲಿನಲ್ಲೂ ಇವೆ, ನಾನು ಈಗ ಕೂತಿರುವುದು ಅಂಥದೊಂದರ ನೆರಳಿನಲ್ಲಿ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಇವತ್ತಿನ ಪಾತ್ರೆ ತೊಳೆದಾಯಿತೇ? ಯಾರಾದರೂ ನಗಲಿ, ಆ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ.

ನಿಮ್ಮ,
ಮಿಂಚುಳ್ಳಿ