ಕ್ಯೂಬಾ ಯುದ್ಧದ ಪರೀಕ್ಷೆ

ಡಿಸೆಂಬರ್ 4, ಕಾವಾಸಾಕಿ, ಜಪಾನ್

ಅಲ್ಲ, ನಿನ್ನೆ ನಾನು ಹೇಳಿದ್ದು ಕಾಲೇಜಿನಲ್ಲಿ ಉರು ಹೊಡೆದದ್ದನ್ನೇ. ಕಾಸ್, ಅಂದರೆ ಕಾರಣ: ಕ್ಯೂಬಾದವರು ಸ್ಪೇನಿನ ವಿರುದ್ಧ ದಂಗೆಯೆದ್ದರು, ಅಮೆರಿಕ ಅವರ ಪರ ಯುದ್ಧಕ್ಕಿಳಿಯಿತು. ಎಫೆಕ್ಟ್, ಅಂದರೆ ಪರಿಣಾಮ: ಸ್ಪೇನಿನ ಕೈಲಿದ್ದ ಫಿಲಿಪೀನ್ಸ್ ಕೂಡ ‘ಲಿಬರೇಟೆಡ್’. ಅಷ್ಟಕ್ಕೇ ಪಕ್ಕದ ಮನೆಯ ಫಿಲಿಪಿನೋ ಅಜ್ಜಿ ಮರಿತೆಸ್ ಪಾರ್ಕಿನ ಬೆಂಚಿನಿಂದ ಎದ್ದು ಹೋದರು. ಹೆಂಡತಿ ವೇದವಲ್ಲಿ ತೀರಿಕೊಂಡ ಮೇಲೆ ಈ ಊರಲ್ಲಿ ನನ್ನ ಹರಟೆ ಕೇಳುವವರು ಅವರೊಬ್ಬರೇ.

ಇಂದು ಮೈಸೂರುಪಾಕಿನ ಡಬ್ಬಿ ಹಿಡಿದು ಅದೇ ಬೆಂಚಿಗೆ ಹೋದೆ. ಇಲ್ಲಿಯವರ ಹಾಗೆ ಎರಡೂ ಕೈಯಲ್ಲಿ ನೀಡಿ, ಬಗ್ಗಿ, ‘ಸುಮಿಮಾಸೆನ್’, ಕ್ಷಮಿಸಿ, ಎಂದೆ. ಸೊಂಟ ಹಿಡಿದುಕೊಂಡಿತು. ಅವರೇ ಎತ್ತಿ ಕೂರಿಸಿ, ಸಲೀಸಾದ ಇಂಗ್ಲಿಷಿನಲ್ಲಿ ಶುರು ಮಾಡಿದರು.

“ಸ್ಪೇನಿನ ಮೇಲೆ ನಾವೇ ತಿರುಗಿಬಿದ್ದು ಸ್ವಾತಂತ್ರ್ಯ ಸಾರಿದ್ವಿ. ಸ್ಪೇನ್ ನಮ್ಮನ್ನ ಅಮೆರಿಕಕ್ಕೆ ಮಾರಿಬಿಡ್ತು. ನಮ್ಮ ಮುತ್ತಜ್ಜ ಅಮೆರಿಕದ ಮೇಲೆ ಮತ್ತೆ ಬಂದೂಕು ಎತ್ತಬೇಕಾಯ್ತು. ಇದು ನಿಮ್ಮ ಎಫೆಕ್ಟ್‌ನಲ್ಲಿ ಇತ್ತಾ, ಹರಿ-ಸಾನ್?”

“ಇರಲಿಲ್ಲ. ಗೈಡಿನಲ್ಲಿ ಬಿಟ್ಟಿದ್ರು.”

“ಹಾಗಾದ್ರೆ ಫೇಲ್,” ಎನ್ನುತ್ತ ಮೈಸೂರುಪಾಕ್ ಬಾಯಿಗಿಟ್ಟುಕೊಂಡರು. “ನಾಳೆ ಇಲ್ಲೇ ಮತ್ತೆ ಪರೀಕ್ಷೆ. ಓದ್ಕೊಂಡು ಬನ್ನಿ.”

ಎಪ್ಪತ್ತು ದಾಟಿದ ಮೇಲೆ ಸಪ್ಲಿಮೆಂಟರಿ! ಇಷ್ಟು ಖುಷಿಯಿಂದ ನಾನು ಎಂದೂ ಫೇಲಾಗಿರಲಿಲ್ಲ. ಮೊಮ್ಮಗಳ ಚರಿತ್ರೆ ಪುಸ್ತಕ ತಂದು ಬಾಲ್ಕನಿಯಲ್ಲಿ ಕೂತಿದ್ದೇನೆ, ಇದನ್ನು ಬರೆದು ಮುಗಿಸಿ ಓದೋಣವೆಂದರೆ ಬೆಳಕು ಆಗಲೇ ಹೋಗುತ್ತಿದೆ.